ಒತ್ತಿ ಬರೆದ ಮೂರು ಅಕ್ಷರ

ಖಾಜಾ, ನಿನ್ನ ಅಪ್ಪ ಸುಳ್ಳು ಹೇಳಿರಲಿಲ್ಲ. ಅವರ ಡಬ್ಬಿಯಲ್ಲಿದ್ದ ಕ್ರಿಕೆಟ್ ಕಾರ್ಡು ನಕಲಿ ಎಂದು ಗೊತ್ತಾದ ದಿನ ನೀನು ಅವರನ್ನು ಸುಳ್ಳುಗಾರ ಎಂದುಕೊಂಡೆ. ಆ ನಕಲಿ ಕಾರ್ಡನ್ನು ಮಾಡಿದವನು ನಾನು. ಅಸಲಿ ಕಾರ್ಡನ್ನು ಹಾಳು ಮಾಡಿದವನೂ ನಾನು. ಹಾಳು ಮಾಡಿ, ನಕಲು ತಯಾರಿಸಿ, ಅದನ್ನೇ ನಿನ್ನ ಕೈಗಿಟ್ಟು, ಆಮೇಲೆ ನೀನು ನನ್ನನ್ನೇ ಹುಡುಕಿಕೊಂಡು ಬಂದು ಕೇಳಿದಾಗ — ಕಣ್ಣಿಗೆ ಭೂತಗನ್ನಡಿ ಹಿಡಿದು ದೊಡ್ಡ ಜಾಣನ ಹಾಗೆ ತೀರ್ಪು ಕೊಟ್ಟವನೂ ನಾನೇ.

ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀಯಾ. ಹೆದರಿದೆ, ಅಷ್ಟೇ. ಮೊದಲು ನಿನ್ನ ಸಿಟ್ಟಿಗೆ ಹೆದರಿದೆ, ಆಮೇಲೆ ನಿನ್ನ ದುಃಖಕ್ಕೆ ಹೆದರಿದೆ, ಕೊನೆಕೊನೆಗೆ ಸುಮ್ಮನಿದ್ದ ವರ್ಷಗಳಿಗೇ ಹೆದರಿಕೊಂಡೆ. ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಬರೆಯದಿದ್ದರೆ ನಾನು ಎಲ್ಲಾದರೂ ಒಂದು ಕಡೆ ನುಣುಚಿಕೊಂಡುಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ಊರಿನಿಂದ ಒಂದು ಟ್ರಂಕು ಹಿಡಿದು ಮುಂಬಯಿಗೆ ಬಂದಾಗ ನನಗೆ ಇಲ್ಲಿ ಗೊತ್ತಿದ್ದ ಒಂದೇ ಒಂದು ವಿಳಾಸ ವಡಾಲದ ನಿಮ್ಮ ಚಾಳಿನ ಖೋಲಿ. ನಮ್ಮ ಅಪ್ಪ ನಿಮ್ಮ ಅಪ್ಪನ ಊರಿನವನು, ಅಷ್ಟೇ ಸಂಬಂಧ. ನಿನ್ನ ಅಪ್ಪ ಹುಸೇನ್ ಕಾಕಾ ನನ್ನ ಟ್ರಂಕನ್ನು ತಾವೇ ಎತ್ತಿ ಒಳಗಿಟ್ಟು, “ಖಾಜಾ, ಚಾಪಿ ಇನ್ನೊಂದೀಟು ಅಗಲಾಗಿ ಹಾಸು” ಎಂದರು. ಆ ಚಾಪೆಯ ಮೇಲೆ ನೀನು ಮತ್ತು ನಾನು ನಾಲ್ಕು ವರ್ಷ ಮಲಗಿದೆವು. ಒಂದು ದಿನವೂ ಅವರು ನನ್ನನ್ನು ಯಾವಾಗ ಹೋಗುತ್ತೀ ಎಂದು ಕೇಳಲಿಲ್ಲ.

ಕಾಕಾ ಒಂದು ಜಿಮ್‌ಖಾನಾದ ಮೈದಾನದಲ್ಲಿ ಮಾಲಿ. ಹುಲ್ಲಿಗೆ ನೀರು ಬಿಡುವುದು, ಪಿಚ್ಚಿನ ಮೇಲೆ ರೋಲರ್ ಎಳೆಯುವುದು, ಸುಣ್ಣದ ಗೆರೆ ಹಾಕುವುದು — ಇಪ್ಪತ್ತರ ವಯಸ್ಸಿನಿಂದ ಅದೇ ಕೆಲಸ. ಅಂಗೈ ಮುಟ್ಟಿದರೆ ಹಲಗೆ ಮುಟ್ಟಿದಂತಾಗುತ್ತಿತ್ತು. ಅವರಿಗೆ ಕತೆ ಹೇಳುವ ಚಟ ಬಹಳ. ತಮ್ಮ ಮೈದಾನದಲ್ಲಿ ಹೊಡೆದ ಒಂದು ಸಿಕ್ಸರ್ ಹೋಗಿ ಲೋಕಲ್ ಟ್ರೇನಿನ ಡಬ್ಬಿಯೊಳಗೆ ಬಿದ್ದು ಕುರ್ಲಾದ ತನಕ ಹೋಯಿತು, ಮರುದಿನ ಗಾರ್ಡ್ ವಾಪಸ್ ತಂದುಕೊಟ್ಟ ಎಂದು ಹೇಳುತ್ತಿದ್ದರು. “ಏ ಅಪ್ಪಾ, ಸಾಕ ಬಿಡು” ಎಂದು ನೀನು ನಗುತ್ತಿದ್ದೆ. ಅವರೂ ನಗುತ್ತಿದ್ದರು.

ಕಾರ್ಡಿನ ಕತೆ ಹೇಳುವಾಗ ಮಾತ್ರ ಅವರು ನಗುತ್ತಿರಲಿಲ್ಲ. ಹಿಂದೆ ಒಂದು ಚಹಾ ಕಂಪನಿಯವರು ಡಬ್ಬಿಯೊಳಗೆ ಆಟಗಾರರ ಚಿತ್ರದ ಕಾರ್ಡು ಹಾಕಿ ಮಾರುತ್ತಿದ್ದರಂತೆ. ಅಂಥದೊಂದು ಕಾರ್ಡು, ಅರ್ಧ ಅಂಗೈಯಷ್ಟು ದೊಡ್ಡದು. ಹಸಿರು ಮೈದಾನ, ಟೊಪ್ಪಿಗೆ ಹಾಕಿ ಬ್ಯಾಟಿಗೆ ಒರಗಿ ನಿಂತ ಆಟಗಾರ, ಕೆಳಗೆ ಅವನ ಹೆಸರು. ಅದೇ ಆಟಗಾರ ಆ ಮೈದಾನದಲ್ಲಿ ತನ್ನ ಕೊನೆಯ ಆಟ ಆಡಿ ಹೊರಟಾಗ, ಗೆರೆ ಅಳಿಸುತ್ತಿದ್ದ ಕಾಕಾರ ಹತ್ತಿರ ಬಂದು ಜೇಬಿನಿಂದ ಈ ಕಾರ್ಡು ತೆಗೆದು ಕೊಟ್ಟ. “‘ನೆಲ ನೀ ಮಾಡಿದಿ, ರನ್ ನಾ ಮಾಡೀನಿ, ತಗೋ’ ಅಂದ” — ಇಷ್ಟೇ ಕತೆ. ಇದಕ್ಕೆ ಕಾಕಾ ಒಂದು ಮಾತು ಹೆಚ್ಚು ಸೇರಿಸಿದ್ದನ್ನು ನಾನು ಕೇಳಲಿಲ್ಲ. ಅದು ನಿಜವೆಂದು ತಿಳಿಯಲು ಅಷ್ಟೇ ಸಾಕಾಗಬೇಕಿತ್ತು, ನಮ್ಮಿಬ್ಬರಿಗೂ.

ಕಾಕಾ ನಿವೃತ್ತರಾಗುವ ವರ್ಷ ಕಚೇರಿಯ ಕಾಗದಗಳಿಗೆ ಹೆಬ್ಬೆಟ್ಟು ಒತ್ತಲು ನಾಚಿಕೊಂಡರು. “ಶಿವಪ್ಪಾ, ನನ್ನ ಹೆಸರಷ್ಟು ಕಲಿಸಿಕೊಡು” ಎಂದು ನನ್ನನ್ನು ಕೇಳಿದರು. ನಿನ್ನನ್ನು ಕೇಳಲು ಸಂಕೋಚವಾಗಿತ್ತು. ಹು, ಸೇ, ನ. ಮೂರು ಅಕ್ಷರಕ್ಕೆ ಒಂದು ತಿಂಗಳು ಹಿಡಿಯಿತು. ಪೆನ್ಸಿಲನ್ನು ರೋಲರ್ ದೂಡಿದಂತೆ ದೂಡುತ್ತಿದ್ದರು. ಮೊನೆ ಮುರಿಯುತ್ತಿತ್ತು, ಹಾಳೆ ಹರಿಯುತ್ತಿತ್ತು. ‘ಸೇ’ಯ ದೀರ್ಘವನ್ನು ಎಲ್ಲಿ ನಿಲ್ಲಿಸಬೇಕೆಂದು ಕೊನೆಗೂ ತಿಳಿಯಲಿಲ್ಲ, ಎಳೆದುಕೊಂಡು ಅಂಚಿನ ತನಕ ಹೋಗುತ್ತಿದ್ದರು, ‘ನ’ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಕಲಿತ ದಿನ ಡಬ್ಬಿ ತೆಗೆದು ಆ ಕಾರ್ಡಿನ ಹಿಂದೆ ತಮ್ಮ ಹೆಸರು ಬರೆದರು. “ಇನ್ನ ಇದು ಯಾರದಂತ ಯಾರೂ ಕೇಳಂಗಿಲ್ಲ” ಎಂದರು. ನಾನು ಪಕ್ಕದಲ್ಲೇ ಕುಳಿತಿದ್ದೆ, ಖಾಜಾ. ಆ ಸುಖ ನಾನು ಕಣ್ಣಾರೆ ನೋಡಿದ್ದೇನೆ.

ಆ ಹೊತ್ತಿಗೆ ನೀನು ಚೋರ್ ಬಜಾರಿನ ಹತ್ತಿರ ಹಳೆಯ ಕಾಗದದ ಒಂದು ಗಾಳಾ, ಚಿಕ್ಕ ಅಂಗಡಿ, ಹಾಕಿದ್ದೆ — ಸಿನಿಮಾದ ಹಳೆಯ ಹಾಡಿನ ಪುಸ್ತಕ, ಬೆಂಕಿಪೊಟ್ಟಣದ ಚಿತ್ರ, ಕ್ರಿಕೆಟ್ ಕಾರ್ಡು. ನಾನು ವಿಕ್ರೋಳಿಯ ಒಂದು ಪ್ರೆಸ್ಸಿನಲ್ಲಿ ಸ್ಕ್ಯಾನಿಂಗ್ ವಿಭಾಗಕ್ಕೆ ಸೇರಿದ್ದೆ. ಅಸಲಿ ಯಾವುದು, ಮರುಮುದ್ರಣ ಯಾವುದು ಎಂದು ನೀನು ಬೆರಳಿನಿಂದ ಹೇಳುತ್ತಿದ್ದೆ. ಕಾರ್ಡಿನ ಅಂಚು ಸವರಿ, ಮೂಸಿ ನೋಡಿ. ನಾನು ನಿನಗೆ ಗ್ಲಾಸ್ ಹಿಡಿಯಲು ಕಲಿಸಿದೆ, ನಾವು ಪ್ರೆಸ್ಸಿನವರು ಗ್ಲಾಸ್ ಎನ್ನುವ ಆ ಚಿಕ್ಕ ಭೂತಗನ್ನಡಿ. ಹಳೆಯ ಕಾರ್ಡನ್ನು ಕಲ್ಲಿನಲ್ಲಿ ಅಚ್ಚು ಹಾಕಿರುತ್ತಾರೆ. ಅದರಲ್ಲಿ ಆಟಗಾರನ ಹೆಸರಿನ ಅಕ್ಷರ ಕಡಿಯದೆ, ಮಸಿ ತುಂಬಿಕೊಂಡು ಗಟ್ಟಿಯಾಗಿ ಕಾಣುತ್ತದೆ. ಅದರ ಫೋಟೋ ತೆಗೆದು ಈಗಿನ ಯಂತ್ರದಲ್ಲಿ ಮತ್ತೆ ಛಾಪಿಸಿದರೆ ಎಲ್ಲವೂ ಚುಕ್ಕಿ ಚುಕ್ಕಿಯಾಗುತ್ತದೆ — ಚಿತ್ರವಷ್ಟೇ ಅಲ್ಲ, ಅಕ್ಷರವೂ. ಚಿತ್ರದಲ್ಲಿ ಮೋಸ ಹೋಗಬಹುದು, ಅಕ್ಷರದಲ್ಲಿ ಹೋಗುವುದಿಲ್ಲ.

“ಚುಕ್ಕಿ ಅದಾವೇನು?” ಎನ್ನುವುದು ನಮ್ಮಿಬ್ಬರ ಮಾತೇ ಆಗಿಹೋಯಿತು. ಊರಿನಿಂದ ನನಗೆ ಹುಡುಗಿಯ ಫೋಟೋ ಬಂದಾಗ, “ಗ್ಲಾಸ್ ಇಟ್ಟು ನೋಡಲೇ ಶಿವ್ಯಾ, ಚುಕ್ಕಿ ಅದಾವೇನು” ಎಂದು ನನ್ನ ಮರ್ಯಾದೆ ತೆಗೆದೆ. ಗಾಳಾದ ಪ್ರತಿ ಕಾಗದದ ಮೇಲೂ ನೀನು ಗ್ಲಾಸ್ ಇಡುತ್ತಿದ್ದೆ. ಕಾಕಾರ ಕಾರ್ಡಿನ ಮೇಲೆ ಮಾತ್ರ ಇಡಲಿಲ್ಲ. ನಾನು ಒಮ್ಮೆ ಸುಮ್ಮನೆ ಗ್ಲಾಸ್ ತೆಗೆದಾಗ ನನ್ನ ಕೈ ಹಿಡಿದೆ. “ಅಪ್ಪನ ಮಾತಿನ ಮ್ಯಾಲ ಗ್ಲಾಸ್ ಇಡತಾರೇನು? ಒಳಗ ಇಡು” ಎಂದೆ. ನಿನ್ನ ಆ ನೇಮವನ್ನು ನಾನು ನೆನಪಿಟ್ಟುಕೊಂಡೆ — ನೋಡು, ನಾನು ಎಂಥವನು — ಅದು ನನಗೆ ಉಪಯೋಗಕ್ಕೆ ಬಂತು.

ಕಾಕಾ ತೀರಿಕೊಂಡು ವರ್ಷ ತುಂಬುತ್ತ ಬಂದಾಗ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿಸಿ ಅವರ ಫೋಟೋದ ಪಕ್ಕ ಹಾಕಬೇಕೆಂದು ನಿನಗೆ ಆಸೆಯಾಯಿತು. ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಪ್ರೆಸ್ಸಿಗೆ ತಂದೆ. “ಅಪ್ಪನ ಕೈ ಐತಿ ಇದರಾಗ, ಹುಷಾರ” ಎಂದೆ. “ಕಾಕಾ ನಿನಗಷ್ಟ ಅಪ್ಪ ಏನು?” ಎಂದು ನಾನೇ ನಿನ್ನನ್ನು ಗದರಿ ಕಳಿಸಿದೆ.

ನಮ್ಮಲ್ಲಿ ಎರಡು ಸ್ಕ್ಯಾನರ್ ಇದ್ದವು. ಒಂದು ಗಾಜಿನ ಹಾಸಿನದು, ಕಾರ್ಡನ್ನು ಮಲಗಿಸಿ ಮುಚ್ಚಳ ಹಾಕಿದರೆ ಮುಗಿಯಿತು. ಇನ್ನೊಂದು ಡ್ರಮ್ಮಿನದು, ಗಾಜಿನ ಉರುಳೆಗೆ ಚಿತ್ರವನ್ನು ಬಿಗಿಯಾಗಿ ಸುತ್ತಿ ಅಂಟಿಸಿ ತಿರುಗಿಸಬೇಕು. ಅದರಲ್ಲಿ ಚಿತ್ರ ಬಹಳ ಚೆನ್ನಾಗಿ ಬರುತ್ತದೆ. ಇಡೀ ಪ್ರೆಸ್ಸಿನಲ್ಲಿ ಆ ಡ್ರಮ್ಮು ನಡೆಸಲು ಬರುತ್ತಿದ್ದುದು ನನಗೊಬ್ಬನಿಗೆ, ಆ ಸೊಕ್ಕು ಬೇರೆ. ಈ ಕೆಲಸಕ್ಕೆ ಗಾಜಿನ ಹಾಸೇ ಸಾಕಾಗುತ್ತಿತ್ತು. ಕಾಕಾರ ಚಿತ್ರವೆಂದರೆ ಡ್ರಮ್ಮೇ ಬೇಕು ಎಂದುಕೊಂಡೆ. ಪ್ರೀತಿ ಎಂದು ಹೇಳಿಕೊಳ್ಳಬಹುದು. ಪ್ರೀತಿಯೂ ಇತ್ತು, ಆದರೆ ಹೆಚ್ಚಿದ್ದದ್ದು ಸೊಕ್ಕೇ. ದಿನವೂ ಬಗ್ಗುವ ಫಿಲ್ಮುಗಳನ್ನು ಸುತ್ತಿ ಸುತ್ತಿ ರೂಢಿಯಾದ ಕೈ. ಅರ್ಧ ಶತಮಾನ ಒಣಗಿದ ದಪ್ಪ ಕಾಗದ ಎಂಬ ಯೋಚನೆಯನ್ನೇ ಮಾಡದೆ ಎರಡು ಅಂಚು ಹಿಡಿದು ಉರುಳೆಗೆ ಒತ್ತಿದೆ.

ಹಪ್ಪಳ ಮುರಿದಂಥ ಸಣ್ಣ ಸದ್ದು. ಊಟದ ಹೊತ್ತು, ವಿಭಾಗದಲ್ಲಿ ಯಾರೂ ಇರಲಿಲ್ಲ. ಆಟಗಾರನ ಹಣೆಯಿಂದ ಎದೆಯ ತನಕ ಒಂದೇ ಬಿರುಕು. ಅಂಟಿಸಿದ್ದ ಟೇಪು ಬಿಡಿಸುವಾಗ ಟೊಪ್ಪಿಗೆಯ ಬಣ್ಣವೂ ಕಿತ್ತುಬಂತು.

ಆಗಲೇ ಫೋನು ಮಾಡಬೇಕಿತ್ತು. ನೀನು ಬೈಯುತ್ತಿದ್ದೆ, ಬಹುಶಃ ಹೊಡೆಯುತ್ತಿದ್ದೆ, ಆರು ತಿಂಗಳು ಮಾತು ಬಿಡುತ್ತಿದ್ದೆ — ಆಮೇಲೆ ಯಾವುದೋ ಒಂದು ಸಂಜೆ ಸ್ಟೇಷನ್ನಿನಲ್ಲಿ ಸಿಕ್ಕು ಚಹಾ ಕುಡಿಯೋಣ ಬಾ ಎನ್ನುತ್ತಿದ್ದೆ. ಅಷ್ಟೇ ಆಗುತ್ತಿತ್ತು. ಒಂದು ಮುರಿದ ಕಾರ್ಡು, ಅದರ ಹಿಂದೆ ಕಾಕಾರ ಹೆಸರು, ಅದು ಹಾಗೆಯೇ ನಿನ್ನ ಹತ್ತಿರ ಇರುತ್ತಿತ್ತು. ನಾನು ಫೋನು ಮಾಡಲಿಲ್ಲ. ಮುರಿದದ್ದನ್ನು ಹಾಗೇ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಿರುಕನ್ನು ಮುಚ್ಚುತ್ತ ಕುಳಿತೆ.

ಎರಡು ವಾರದ ಊಟದ ಬಿಡುವನ್ನೆಲ್ಲ ಅದಕ್ಕೇ ಹಾಕಿದೆ. ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಫೈಲಿನ ರಟ್ಟು ಹುಡುಕಿದೆ. ಬೇರೆ ಯಾರದೋ ಕೆಲಸದ ಹಾಳೆಯ ಮೂಲೆಯಲ್ಲಿ ಈ ಚಿತ್ರವನ್ನೂ ಸೇರಿಸಿ ಛಾಪಿಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿದೆ. ಅಂಚಿಗೆ ಚಹಾದ ನೀರು ಸವರಿ ಕಿಟಕಿಯ ಬಿಸಿಲಿಗಿಟ್ಟೆ. ಚೆನ್ನಾಗಿ ಬಂತು. ಹೇಳಲು ನಾಚಿಕೆಯಾಗುತ್ತದೆ, ಖಾಜಾ, ಚೆನ್ನಾಗಿ ಬಂತೆಂದು ನನಗೆ ಖುಷಿಯೂ ಆಯಿತು. ಗ್ಲಾಸ್ ಇಟ್ಟರೆ ಅಕ್ಷರದಲ್ಲಿ ಚುಕ್ಕಿ ಸಿಗುತ್ತಿತ್ತು, ಅದನ್ನು ತಪ್ಪಿಸಲು ಸಾಧ್ಯವಿರಲಿಲ್ಲ. ಆದರೆ ಈ ಕಾರ್ಡಿನ ಮೇಲೆ ನೀನು ಗ್ಲಾಸ್ ಇಡುವುದಿಲ್ಲ ಎಂದು ನನಗೆ ಗೊತ್ತಿತ್ತಲ್ಲ.

ಉಳಿದದ್ದು ಹಿಂಬದಿ. ನಾನೇ ಕಲಿಸಿದ ಮೂರು ಅಕ್ಷರವನ್ನು ಕಾಕಾ ಬರೆದ ಹಾಗೆ ನಾನು ಬರೆಯಬೇಕಿತ್ತು. ‘ಸೇ’ಯ ದೀರ್ಘವನ್ನು ಅಂಚಿನ ತನಕ ಎಳೆದೆ. ರಟ್ಟು ಎಲ್ಲಿ ಕೆಡುತ್ತದೋ ಎಂದು ಪೆನ್ಸಿಲನ್ನು ಮೆಲ್ಲಗೆ ಆಡಿಸಿದೆ. ತೀರಿಹೋದ ಮನುಷ್ಯನ ಹೆಸರನ್ನು ಕಳ್ಳನ ಹಾಗೆ ಬರೆದೆ. ಉಳಿದದ್ದೆಲ್ಲ ತಪ್ಪು ಎನ್ನಬಹುದೇನೋ — ಇದಕ್ಕೆ ತಪ್ಪು ಎಂಬ ಮಾತು ಸಾಲುವುದಿಲ್ಲ.

ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಚೌಕಟ್ಟು ಹಾಕಿಸಿದ ದೊಡ್ಡ ಚಿತ್ರದ ಜೊತೆ ತಂದುಕೊಟ್ಟೆ. ನೀನು ಕಾರ್ಡನ್ನು ಸರಿಯಾಗಿ ನೋಡಲೇ ಇಲ್ಲ. ದೊಡ್ಡ ಚಿತ್ರ ನೋಡಿ ಅತ್ತೆ, ನನ್ನನ್ನು ತಬ್ಬಿಕೊಂಡೆ. ಕವರನ್ನು ಹಾಗೆಯೇ ಡಬ್ಬಿಯೊಳಗಿಟ್ಟೆ. ನಾನು ಕಾಕಾರ ವರ್ಷದ ಫಾತಿಹಾದ ಊಟ ಮಾಡಿ ಲೋಕಲ್ ಹಿಡಿದು ಮನೆಗೆ ಹೋದೆ.

ಮೂರು ವರ್ಷ ಏನೂ ಆಗಲಿಲ್ಲ. ಆಮೇಲೆ ಫೋರ್ಟಿನಲ್ಲಿ ಯಾರೋ ಹಳೆಯ ಕ್ರಿಕೆಟ್ ವಸ್ತುಗಳ ಪ್ರದರ್ಶನ ಇಡುತ್ತಾರೆಂದು ನೀನು ಕಾರ್ಡನ್ನು ಆ ಕವರಿನಲ್ಲೇ ತೆಗೆದುಕೊಂಡು ಹೋದೆ. ಅದರ ಪಕ್ಕ ಕಾಕಾರ ಹೆಸರು ಬರೆದ ಚೀಟಿ ಇಡುತ್ತಾರಂತೆ, ಮೈದಾನದ ಮಾಲಿ ಎಂದು. ಅದಕ್ಕಾಗಿ ಹೊಸ ಅಂಗಿ ಹಾಕಿಕೊಂಡು ಹೋಗಿದ್ದೆ. ಅಲ್ಲಿನ ಪರೀಕ್ಷಕ ನಾಲ್ಕು ಮಂದಿ ವ್ಯಾಪಾರಿಗಳ ಎದುರಿಗೆ ಗ್ಲಾಸ್ ಇಟ್ಟು, “ಯೇ ತೋ ರೀಪ್ರಿಂಟ್ ಹೈ, ಭಾಯಿ” ಎಂದು ವಾಪಸ್ ಕೊಟ್ಟ.

ನೀನು ಅಲ್ಲಿಂದ ಮನೆಗೆ ಹೋಗಲಿಲ್ಲ. ನೇರ ವಿಕ್ರೋಳಿಗೆ ಬಂದೆ. ಪ್ರೆಸ್ಸಿನ ಗೇಟಿನ ಹೊರಗೆ ನಿಂತಿದ್ದೆ, ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. “ಶಿವ್ಯಾ, ಅವಗ ಏನೂ ತಿಳಿಯೂದಿಲ್ಲ. ನೀ ನೋಡಿ ಹೇಳು. ನೀ ಹೇಳಿದ್ರ ಮುಗೀತು” ಎಂದು ಕಾರ್ಡು ಕೊಟ್ಟೆ. ನಾನು ಗ್ಲಾಸ್ ಇಟ್ಟೆ. ನನಗೆ ನೋಡುವುದೇನೂ ಇರಲಿಲ್ಲ, ಆದರೂ ಬಹಳ ಹೊತ್ತು ನೋಡಿದೆ. ಗ್ಲಾಸ್ ಕಣ್ಣಿಗಿದ್ದಷ್ಟು ಹೊತ್ತು ನಿನ್ನ ಮುಖ ನೋಡುವ ಗೋಜಿರಲಿಲ್ಲ.

“ಚುಕ್ಕಿ ಅದಾವೇನು?” ಎಂದೆ ನೀನು.

“ಅದಾವ” ಎಂದೆ.

ಅದೊಂದೇ ಮಾತು, ಅದೂ ನಿಜವಾದ ಮಾತು. ಅಷ್ಟು ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿಲ್ಲ. ಅದರ ಮುಂದೆ ಇನ್ನೊಂದು ವಾಕ್ಯ ಇತ್ತು, ನಾಲಿಗೆಯ ತುದಿಯ ತನಕ ಬಂದಿತ್ತು. ನೀನು ನೆಲ ನೋಡುತ್ತ ನಿಂತಿದ್ದೆ. “ಹಂಗಾರ ಅಪ್ಪ ಎಲ್ಲೋ ಫುಟ್‌ಪಾತ್ ಮ್ಯಾಲ ತಗೊಂಡು ಕತಿ ಕಟ್ಯಾನ” ಎಂದೆ. ಮತ್ತೆ ನೀನೇ, “ಮ್ಯಾಲ ತನ್ನ ಹೆಸರು ಬ್ಯಾರೆ ಬರದಾನ” ಎಂದೆ. ಅಲ್ಲ ಎನ್ನಬೇಕಿತ್ತು. ಅಲ್ಲ, ಖಾಜಾ — ಎಂದು ಬಾಯಿ ತೆರೆದು — ಚಹಾ ಕುಡಿಯುತ್ತೀಯಾ ಎಂದು ಕೇಳಿದೆ.

ನೀನು ಬೇಡ ಎಂದೆ. ಕಾರ್ಡನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. “ನೀನ ಇಟ್ಕೋ. ನನ್ನ ಕಣ್ಣ ಮುಂದ ಬ್ಯಾಡ” ಎಂದು ಹೊರಟುಹೋದೆ.

ಆ ಕಾರ್ಡು ಮಧ್ಯೆ ಒಂದು ಸಲ ನನ್ನ ಕೈಗೆ ಬಂದಿತ್ತೆಂಬುದು ನಿನಗೆ ನೆನಪಿರಲಿಲ್ಲವೇ? ಇತ್ತು. ಮರೆಯುವವನಲ್ಲ ನೀನು. ಅಪ್ಪನನ್ನು ಅನುಮಾನಿಸಿದೆ, ನನ್ನನ್ನು ಅನುಮಾನಿಸಲಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ಅನ್ನ ಸೇರುವುದಿಲ್ಲ.

ದೊಡ್ಡ ಚಿತ್ರ ಗೋಡೆಯಿಂದ ಇಳಿಯಿತು. ನೀನು ಗಾಳಾ ಬಿಟ್ಟುಕೊಟ್ಟೆ. “ಅಪ್ಪನ ಮಾಲು ತಿಳೀಲಿಲ್ಲ, ಮಂದಿ ಮಾಲು ಏನು ಹೇಳಲಿ” ಎಂದೆ. ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿಗೆ ವಾಚ್‌ಮನ್ ಆಗಿ ಸೇರಿಕೊಂಡೆ. ಬಂದುಹೋಗುವವರ ಹೆಸರು ರಿಜಿಸ್ಟರಿನಲ್ಲಿ ಬರೆಸುತ್ತ ಕುಳಿತೆ, ಬೆರಳಿನಿಂದ ಕಾಗದದ ವಯಸ್ಸು ಹೇಳುತ್ತಿದ್ದವನು. ಮಗಳು ಶಬಾನಾ ಅಜ್ಜನ ಕಾರ್ಡಿನ ಕತೆ ಕೇಳಿದರೆ, “ನಿಮ್ಮಜ್ಜ ಕತಿ ಕಟ್ಟತಿದ್ದ” ಎಂದು ಮಾತು ಮುಗಿಸುತ್ತಿದ್ದೆ. ನಾನು ಅಲ್ಲೇ ಇರುತ್ತಿದ್ದೆ. ಪ್ರತಿ ಈದಿಗೂ ಬಂದು, ನಿನ್ನ ಮನೆಯ ಶೀರ್ ಖುರ್ಮಾ ಎರಡೆರಡು ಬಟ್ಟಲು ತಿಂದೆ.

ಹೋದ ತಿಂಗಳು ಶಬಾನಾ ಫೋನು ಮಾಡಿದಳು. “ಚಾಚಾ, ಅಬ್ಬಾಗೆ ಈಗ ಬಿಲ್ಕುಲ್ ಕಾಣೂದಿಲ್ಲ. ಶುಗರ್ ಕಣ್ಣಿಗೆ ಹೋಯ್ತು, ಡಾಕ್ಟರ್ ಬೋಲೆ ಅಬ್ ಕುಛ್ ನಹೀ, ಇನ್ನ ಏನೂ ಆಗೂದಿಲ್ಲ. ನಿಮ್ದು ಭಾಳ ನೆನಪು ಮಾಡ್ತಾರೆ” ಎಂದಳು. ಬಂದೆ. ನೀನು ಮಂಚದ ಮೇಲೆ ಕುಳಿತು ನನ್ನ ಕೈ ಹಿಡಿದುಕೊಂಡು, ಅದೇ ಹಳೆಯ ರೂಢಿಯಂತೆ, ಬೆರಳಿನಿಂದ ನನ್ನ ಉಗುರಿನ ಅಂಚು ಸವರುತ್ತಿದ್ದೆ. ಕಣ್ಣು ಹೋದ ಮೇಲೆ ಅಪ್ಪ ಬಹಳ ಕಾಣುತ್ತಾರೆ ಎಂದೆ. ಆಮೇಲೆ ಹೇಳಿದೆ: “ಅಪ್ಪಗ ಮಾಫ್ ಮಾಡೀನಿ ಶಿವ್ಯಾ. ಸುಳ್ಳ ಹೇಳಿದ್ರೂ ಚಲೋ ಸುಳ್ಳ ಹೇಳಿದ್ದ.”

ಏನೂ ತಪ್ಪು ಮಾಡದ ಮನುಷ್ಯನಿಗೆ ನೀನು ಮಾಫಿ ಕೊಟ್ಟೆ. ಕೊಡಲು ನಿನಗೆ ಎಷ್ಟು ವರ್ಷ ಹಿಡಿದಿರಬೇಕು, ಒಳಗೊಳಗೆ ಎಷ್ಟು ಜಗಳವಾಡಿರಬೇಕು ಅವರ ಜೊತೆ. ನಾನು ಎದುರಿಗೇ ಕುಳಿತಿದ್ದೆ, ನನ್ನ ಕೈ ನಿನ್ನ ಕೈಯಲ್ಲಿತ್ತು. ಆಗಲೂ ಹೇಳಲಿಲ್ಲ. ಹೌದೌದು ಎಂದು ತಲೆಯಾಡಿಸಿದೆ — ಕಾಣದವನ ಮುಂದೆ ತಲೆಯಾಡಿಸಿದೆ.

ಮನೆಗೆ ಬಂದು ಇದನ್ನು ಬರೆಯಲು ಕುಳಿತೆ. ಪೋಸ್ಟಿಗೆ ಹಾಕಿಬಿಟ್ಟರೆ ನಿನಗೆ ತಲುಪುತ್ತದೆ, ನಿನ್ನ ಮುಖ ನೋಡುವುದು ತಪ್ಪುತ್ತದೆ ಎಂದುಕೊಂಡಿದ್ದೆ. ಅರ್ಧ ಬರೆದ ಮೇಲೆ ಹೊಳೆಯಿತು. ನೀನು ಓದಲಾರೆ. ಶಬಾನಾಳಿಗೆ ಕನ್ನಡ ಮಾತು ಅಷ್ಟಿಷ್ಟು ಬರುತ್ತದೆ, ಅಕ್ಷರ ಬರುವುದಿಲ್ಲ. ಆ ಮನೆಯಲ್ಲಿ ಇದನ್ನು ಓದಬಲ್ಲವರು ಯಾರೂ ಇಲ್ಲ. ಹಾಗಾಗಿ ನಾನೇ ಬಂದು ಓದಬೇಕು, ನಿನ್ನ ಎದುರಿಗೆ ಕುಳಿತು, ಗಟ್ಟಿಯಾಗಿ. ಶಬಾನಾಳೂ ಕೇಳಬೇಕು. ಅವಳ ಅಜ್ಜನ ಮಾತು ಇದು.

ಎರಡೂ ಕಾರ್ಡು ನನ್ನ ಹತ್ತಿರ ಇವೆ. ಮುರಿದದ್ದನ್ನು ಅವತ್ತಿನಿಂದ ನನ್ನ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದೇನೆ, ಕಾಕಾ ತಮ್ಮ ಕೈಯಿಂದ ಎತ್ತಿ ಒಳಗಿಟ್ಟಿದ್ದ ಅದೇ ಟ್ರಂಕು. ನಾಳೆ ಬೆಳಿಗ್ಗೆ ಎರಡನ್ನೂ ತೆಗೆದುಕೊಂಡು ವಡಾಲಕ್ಕೆ ಬರುತ್ತೇನೆ. ಯಾವುದು ಯಾವುದೆಂದು ಕೈಗೆ ಕೊಡುವಾಗ ನಾನು ಹೇಳುವುದಿಲ್ಲ. ನನ್ನ ಮಾತು ನಂಬಿ ಒಮ್ಮೆ ಕೆಟ್ಟಿದ್ದೀಯಾ.

ನೀನೇ ಬೆರಳಿಟ್ಟು ನೋಡು. ಒಂದರ ಮುಖದ ಮೇಲೆ ಉದ್ದಕ್ಕೆ ಬಿರುಕು ಸಿಗುತ್ತದೆ, ಅದು ನಾನು ಮಾಡಿದ್ದು. ಅದನ್ನೇ ತಿರುಗಿಸು. ಹಿಂಬದಿಯಲ್ಲಿ ನಿನ್ನ ಬೆರಳು ಇಳಿಯುವಷ್ಟು ಆಳವಾಗಿ ಮೂರು ಅಕ್ಷರ ಇವೆ, ಎರಡನೆಯದು ಅಂಚಿನ ತನಕ ಹೋಗುತ್ತದೆ. ಕಾಕಾ ಒತ್ತಿ ಬರೆದಿದ್ದರು. ಇನ್ನೊಂದರ ಹಿಂದೆ ಬೆರಳಿಗೆ ಏನೂ ಸಿಗುವುದಿಲ್ಲ, ನಾನು ಹೆದರಿ ಹೆದರಿ ಬರೆದದ್ದು ಅದು. ನಿನ್ನ ಅಪ್ಪ ನಿನಗೆ ಸಿಕ್ಕ ಮೇಲೆ, ನನಗೆ ಏನು ಹೇಳಬೇಕೋ ಹೇಳು. ಏನೂ ಹೇಳದೆ ಬಾಗಿಲ ಕಡೆ ಕೈ ತೋರಿಸಿದರೂ ಸರಿ, ನಾನು ಎದ್ದು ಹೋಗುತ್ತೇನೆ.